ತಲೆ ತಗ್ಗಿಸಿ, ಸರ್

ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಸಾಲಾಗಿ ಕೂತ ಆರು ಜನ ಗಂಡಸರೂ ಹೊಟ್ಟೆ ಒಳಕ್ಕೆಳೆದುಕೊಂಡಿದ್ದೇವೆ. ಹಾಗೆ ಮಾಡಿ ಎಂದು ಯಾರೂ ಹೇಳಿಲ್ಲ. ತೊಡೆಗೆ ಕಚ್ಚಿಕೊಂಡ ಒಂದು ಚಡ್ಡಿ, ತಲೆಗೆ ರಬ್ಬರ್ ಟೋಪಿ, ಹಣೆಗೇರಿಸಿದ ಗಾಗಲ್ಸ್, ಇಷ್ಟೇ ಮೈಮೇಲೆ ಉಳಿದಾಗ ಐವತ್ತೈದರ ಗಂಡಸು ತಾನಾಗಿಯೇ ಉಸಿರು ಬಿಗಿಹಿಡಿಯುತ್ತಾನೆ. ನನ್ನ ಎಡಗಡೆಯವರ ಎದೆಯ ನಡುವೆ ಬೈಪಾಸ್ ಹೊಲಿಗೆಯ ಉದ್ದನೆಯ ಗೆರೆ. ಬಲಗಡೆಯವರು ಜನಿವಾರವನ್ನು ಸುರುಳಿ ಸುತ್ತಿ ಚಡ್ಡಿಯ ಲಾಡಿಗೆ ಸಿಕ್ಕಿಸುತ್ತಿದ್ದಾರೆ, ಕೈ ಬೀಸುವಾಗ ತೊಡರದಿರಲಿ ಎಂದು. ಅವರ ಆಚೆಯವರು ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದಾರೆ. ಮಂತ್ರವೋ ಸೆಕೆಂಡಿನ ಲೆಕ್ಕವೋ ತಿಳಿಯದು.

"ಹೀಟ್ ಆರು, ಯಾರೂ ಎದ್ದು ಹೋಗ್ಬೇಡಿ ಅಂಕಲ್," ಎನ್ನುತ್ತಾಳೆ ಪಟ್ಟಿ ಹಿಡಿದ ಹುಡುಗಿ. ಅವಳಿಗೆ ಹದಿನೇಳಿರಬಹುದು. ಎದ್ದು ಹೋಗುವವರು ಯಾಕೆ ಹೋಗುತ್ತಾರೆಂದು ಅವಳಿಗೆ ಗೊತ್ತು. ನಾನು ಆಗಲೇ ಎರಡು ಸಲ ಹೋಗಿಬಂದಿದ್ದೇನೆ.

ಇದು ಬೆಂಗಳೂರಿನ ಬಸವನಗುಡಿ ಅಕ್ವಾಟಿಕ್ ಸೆಂಟರ್, ಈಜುವವರ ಬಾಯಲ್ಲಿ ಬರೀ ಬಿಎಸಿ. ಸೌತ್ ಎಂಡ್ ಸರ್ಕಲ್ಲಿಗೆ ಹತ್ತಿರ. ಶಿಖಾ ಟಂಡನ್ ಇಲ್ಲಿ ಪಳಗಿ 2004ರ ಅಥೆನ್ಸ್ ಒಲಿಂಪಿಕ್ಸ್‌ಗೆ ಹೋದರು, ಗಗನ್ ಉಳ್ಳಾಲಮಠ 2012ರ ಲಂಡನ್ನಿಗೆ. ಅವರನ್ನೆಲ್ಲ ತಿದ್ದಿದ ಕೋಚ್ ಪ್ರದೀಪ್ ಕುಮಾರ್ ಅವರಿಗೆ 2016ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ ಬಂತು. 2021ರ ಅಕ್ಟೋಬರಿನಲ್ಲಿ ಸೀನಿಯರ್ ನ್ಯಾಷನಲ್ಸ್ ನಡೆದದ್ದೂ ಇದೇ ಐವತ್ತು ಮೀಟರ್ ನೀರಿನಲ್ಲಿ. ಆ ನೀರಿಗೆ ಇವತ್ತು ಭಾನುವಾರ ನಾವು ಇಳಿಯುತ್ತೇವೆ. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಚಪ್ಪರದಲ್ಲಿ ದೊಡ್ಡ ವಿದ್ವಾಂಸರು ಹಾಡಿ ಎದ್ದುಹೋದ ಮೇಲೆ ಬೀದಿಯ ಹುಡುಗರು ಮೈಕ್ ಮುಟ್ಟಿ ನೋಡಿದ ಹಾಗೆ.

ಕೂಟದ ಹೆಸರು ಮಾಸ್ಟರ್ಸ್. ಮೊದಲ ಸಲ ಫಾರಂ ತುಂಬಿದಾಗ ಮನೆಯಲ್ಲಿ, "ಯಾವ ಸ್ಕೂಲಿಗೆ ಮೇಷ್ಟ್ರು?" ಎಂದು ನಕ್ಕಿದ್ದರು. ಮೇಷ್ಟರೂ ಅಲ್ಲ, ಪಾರಂಗತರೂ ಅಲ್ಲ. ಇಪ್ಪತ್ತೈದು ದಾಟಿ, ಆಮೇಲೂ ಗಡಿಯಾರದ ಹುಚ್ಚು ಬಿಡದವರಿಗೆ ಇಟ್ಟ ಹೆಸರು ಅಷ್ಟೆ. 1970ರಲ್ಲಿ ಅಮೆರಿಕದ ಟೆಕ್ಸಸ್ಸಿನ ಅಮರಿಲೊ ಎಂಬ ಊರಿನಲ್ಲಿ ಇಂಥ ಮೊದಲ ರಾಷ್ಟ್ರಮಟ್ಟದ ಕೂಟ ನಡೆಯಿತು. ಅದರ ಹಿಂದೆ ನಿಂತವರು ರಾನ್ಸಮ್ ಆರ್ಥರ್ ಎಂಬ ನೌಕಾಪಡೆಯ ವೈದ್ಯರು. ಸ್ಪರ್ಧೆ ಇದೆ ಎಂದರೆ ವಯಸ್ಕರು ವ್ಯಾಯಾಮ ಬಿಡುವುದಿಲ್ಲ ಎಂಬುದು ಅವರ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು. 1986ರಲ್ಲಿ ಟೋಕಿಯೊದಲ್ಲಿ ವಿಶ್ವಕೂಟವೇ ನಡೆಯಿತು. ನಮ್ಮಲ್ಲೂ ಪ್ರತಿವರ್ಷ ರಾಷ್ಟ್ರೀಯ ಕೂಟ ಉಂಟು. 2024ರ ನವೆಂಬರಿನಲ್ಲಿ ಅದು ನಡೆದದ್ದು ಮಂಗಳೂರಿನ ಎಮ್ಮೆಕೆರೆ ಈಜುಕೊಳದಲ್ಲಿ. ಬೈಪಾಸ್ ಆದವರು ಅಲ್ಲಿಗೆ ಹೋಗಿಬಂದಿದ್ದಾರೆ. "ಹೆಸರಿಗೆ ತಕ್ಕ ಹಾಗೆ ಈಜಿದೆ," ಎನ್ನುತ್ತಾರೆ.

ಇಲ್ಲಿ ಐದೈದು ವರ್ಷಕ್ಕೊಂದು ಗುಂಪು. ಆ ವರ್ಷದ ಡಿಸೆಂಬರ್ 31ಕ್ಕೆ ಎಷ್ಟು ತುಂಬುತ್ತದೋ ಅದೇ ನಿಮ್ಮ ವಯಸ್ಸು. ಹೊರಗೆ ಜನ ವಯಸ್ಸು ಮುಚ್ಚಿಡುತ್ತಾರೆ, ತಲೆಗೆ ಬಣ್ಣ ಹಚ್ಚುತ್ತಾರೆ. ಇಲ್ಲಿ ಐವತ್ತೈದು ಯಾವಾಗ ತುಂಬೀತು ಎಂದು ಎರಡು ವರ್ಷದಿಂದ ಕಾದು ಕೂತಿರುತ್ತಾರೆ, ಹೊಸ ಗುಂಪಿನಲ್ಲಿ ಕಿರಿಯರಾಗಬಹುದಲ್ಲ. ನನಗೆ ಐವತ್ತೈದು ತುಂಬಲು ಇನ್ನೂ ಎರಡು ತಿಂಗಳಿದೆ. ಆದರೂ ಜನವರಿಯಿಂದಲೇ ನಾನು 55–59ರ ಗುಂಪಿನ ಚಿಕ್ಕ ಹುಡುಗ. ನಮ್ಮ ಗುಂಪಿನಲ್ಲಿರುವವರು ಆರೇ ಜನ, ಒಂದೇ ಹೀಟ್, ಅದೇ ಫೈನಲ್. ಪದಕ ಮೂವರಿಗೆ. ಆ ಮೂವರು ಯಾರೆಂದು ಆರೂ ಜನಕ್ಕೆ ಈಗಲೇ ಗೊತ್ತು, ನನ್ನ ಹೆಸರು ಅದರಲ್ಲಿಲ್ಲ.

ನಾನು ಬಂದಿರುವುದು ಒಂದು ಅಂಕಿಯನ್ನು ಮುರಿಯಲು. 1:33.27. ಹೋದ ವರ್ಷ 100 ಮೀಟರ್ ಫ್ರೀಸ್ಟೈಲಿಗೆ ನಾನು ತೆಗೆದುಕೊಂಡ ಸಮಯ. ಇವತ್ತು ಒಂದೂವರೆ ನಿಮಿಷದ ಒಳಗೆ ಬರಬೇಕು. ತೊಂಬತ್ತು ಸೆಕೆಂಡು ಎಂದರೆ ಟೌನ್‌ಹಾಲ್ ಸಿಗ್ನಲ್ಲಿನಲ್ಲಿ ಸ್ಕೂಟರ್ ನಿಲ್ಲಿಸಿಕೊಂಡು ಮೂಗು ಒರೆಸಿಕೊಳ್ಳುವಷ್ಟು ಹೊತ್ತು. ಇಲ್ಲಿ ದಿನಾ ಅಭ್ಯಾಸ ಮಾಡುವ ಹನ್ನೆರಡರ ಹುಡುಗಿ ಅಷ್ಟರಲ್ಲಿ ಅದೇ ದೂರ ಮುಗಿಸಿ, ಮೇಲೆ ಹತ್ತಿ, ನೀರು ಕುಡಿದು, ತಮ್ಮನ ಟವಲ್ ಕಿತ್ತುಕೊಂಡಿರುತ್ತಾಳೆ. ಈ ಊರಿನ ಧಿನಿಧಿ ದೇಸಿಂಗು 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಈಜಿದಾಗ ವಯಸ್ಸು ಹದಿನಾಲ್ಕು. ಹೋಲಿಸಿಕೊಳ್ಳಲು ಹೊರಟರೆ ಈ ಕುರ್ಚಿಯಿಂದ ನೇರ ಮನೆಗೆ ಹೋಗಬೇಕಾಗುತ್ತದೆ. ಅದಕ್ಕೇ ಹೋಲಿಕೆ ಹೋದ ವರ್ಷದ ನನ್ನ ಜೊತೆ ಮಾತ್ರ. ಅವನೂ ಕಡಿಮೆ ಆಸಾಮಿಯಲ್ಲ, ನನಗಿಂತ ಒಂದು ವರ್ಷ ಚಿಕ್ಕವನು.

ಕೊಳದ ಆ ತುದಿಯಲ್ಲಿ ನಲವತ್ತರ ಹೆಂಗಸರ ಹೀಟ್ ಮುಗಿಯುತ್ತಿದೆ. ಸೀಟಿ, ಚಪ್ಪಾಳೆ, "ಮಮ್ಮಿ ಪುಲ್, ಮಮ್ಮಿ ಪುಲ್" ಎಂದು ರೇಲಿಂಗ್ ಹಿಡಿದು ಕಿರುಚುತ್ತಿರುವ ಒಬ್ಬ ಪೋರ. ಕ್ಲೋರಿನ್ ವಾಸನೆಯ ಜೊತೆ ಯಾರೋ ತೆರೆದ ಬುತ್ತಿಯಿಂದ ಚಿತ್ರಾನ್ನದ ಒಗ್ಗರಣೆಯ ವಾಸನೆ. ರಾತ್ರಿ ಹೊಯ್ದ ಮಳೆಗೆ ನೀರು ತಣ್ಣಗಾಗಿದೆ. ಬೆಳಿಗ್ಗೆ ಆರೂವರೆಗೆ ವಾರ್ಮ್‌ಅಪ್ ಎಂದು ಇಳಿದಾಗ ಬೆನ್ನುಹುರಿಯ ಮೇಲೆ ಯಾರೋ ಮಂಜುಗಡ್ಡೆ ಎಳೆದಂತಾಗಿತ್ತು.

ಈ ನೀರಿನ ಬಗ್ಗೆ ಒಂದು ಮಾತು. ಐವತ್ತು ಮೀಟರ್ ಉದ್ದ, ಇಪ್ಪತ್ತೈದು ಅಗಲ, ಎರಡು ಮೀಟರ್ ಆಳ ಎಂದುಕೊಂಡರೂ ಒಂದು ಕೊಳಕ್ಕೆ ಇಪ್ಪತ್ತೈದು ಲಕ್ಷ ಲೀಟರ್ ಬೇಕು. ಬೀದಿಗೆ ಬರುವ 12,000 ಲೀಟರಿನ ಟ್ಯಾಂಕರಿನ ಲೆಕ್ಕದಲ್ಲಿ ಇನ್ನೂರಕ್ಕೂ ಹೆಚ್ಚು. 2024ರ ಮಾರ್ಚಿನಲ್ಲಿ ಊರಿಗೆ ನೀರಿನ ಬರ ಬಂದಾಗ ಈಜುಕೊಳಕ್ಕೆ ಕುಡಿಯುವ ನೀರು ಬಿಟ್ಟರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತ್ತು. ಆ ತಿಂಗಳು ಒದ್ದೆ ಟವಲ್ಲನ್ನು ಬಾಲ್ಕನಿಯಲ್ಲಿ ಒಣಗಿಹಾಕಲು ನನಗೆ ಸಂಕೋಚವಾಗುತ್ತಿತ್ತು. ಕೆಳಗೆ ಬಿಂದಿಗೆ ಹಿಡಿದು ನಿಂತವರು ನೋಡುತ್ತಿದ್ದರು. ಕೆರೆಗಳ ಊರು ಇದು. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಸ್ಟೇಡಿಯಂ ಆಯಿತು. ಓಡುವವರಿಗೆ ಜಾಗ ಕೊಡಲು ಈಜುವವರ ಜಾಗ ಮುಚ್ಚಿದರು ಎಂದು ನಾವು ಈಜುವವರು ತಮಾಷೆ ಮಾಡುತ್ತೇವೆ. ನಗು ಅರ್ಧಕ್ಕೆ ನಿಲ್ಲುವ ತಮಾಷೆ. ಕಾವೇರಿ ನೂರು ಕಿಲೋಮೀಟರ್ ದೂರದಿಂದ ಅರ್ಧ ಕಿಲೋಮೀಟರ್ ಮೇಲಕ್ಕೆ ಹತ್ತಿ ಈ ಊರಿಗೆ ಬರುತ್ತಾಳೆ ಎಂಬುದು ನೆನಪಾದರೆ, ಕೊಳದಲ್ಲಿ ಸುಮ್ಮನೆ ತೇಲುತ್ತ ಕಾಲ ಕಳೆಯುವುದಕ್ಕೂ ಮನಸ್ಸು ಬರುವುದಿಲ್ಲ.

"ಏನ್ರೀ, ಮುಖ ಯಾಕೆ ಹೀಗಿದೆ?"

ಮಲ್ಲೇಶ್ವರದ ಮೇಡಂ. ಬ್ಯಾಂಕಿನಿಂದ ನಿವೃತ್ತರಾಗಿ ಹದಿನಾರು ವರ್ಷ. ಎಪ್ಪತ್ತಾರು. ಐವತ್ತೆಂಟರಲ್ಲಿ ಮಂಡಿನೋವಿಗೆ ಡಾಕ್ಟರು ಈಜಿ ಎಂದರಂತೆ. ಲೇಡೀಸ್ ಬ್ಯಾಚಿಗೆ ಸೇರಿ, ಮೊದಲ ತಿಂಗಳಿಡೀ ಗೋಡೆಯ ಕಂಬಿ ಬಿಡದೆ ನಿಂತಿದ್ದವರು. ಈಗ 50 ಮೀಟರ್ ಬ್ಯಾಕ್‌ಸ್ಟ್ರೋಕ್ ಅವರ ಆಟ. ಬೆಳಿಗ್ಗೆಯೇ ಈಜಿ ಮುಗಿಸಿದ್ದಾರೆ. ಒದ್ದೆ ಜಡೆಯನ್ನು ಟವಲ್ಲಿನಲ್ಲಿ ಕಟ್ಟಿದ್ದಾರೆ, ಪದಕ ಕೈಚೀಲದಲ್ಲಿದೆ, ಮುಖದಲ್ಲಿ ಸಿಡುಕು.

"ಚಿನ್ನ ಬಂತಂತಲ್ಲ ಮೇಡಂ, ಕಂಗ್ರಾಜುಲೇಷನ್ಸ್."

"ನಮ್ಮ ಗುಂಪಿನಲ್ಲಿ ಇದ್ದೋಳು ನಾನೊಬ್ಬಳೇ. ಒಬ್ಬಳೇ ಇದ್ರೆ ಚಿನ್ನ ಸಿಗುತ್ತೆ ಕಣ್ರೀ. ಟೈಮ್ ಸಿಗಲ್ಲ." ಹೋದ ವರ್ಷಕ್ಕಿಂತ ಎರಡು ಸೆಕೆಂಡು ಹೆಚ್ಚಾಯಿತಂತೆ. ಆ ಎರಡು ಸೆಕೆಂಡಿನ ಬಗ್ಗೆ ಅವರು ಅಡಕೆ ಕಳ್ಳತನವಾದವರ ಹಾಗೆ ಮಾತಾಡುತ್ತಾರೆ. ಜಪಾನಿನ ಮಿಯೆಕೊ ನಾಗಾವೋಕಾ ಎಂದರೆ ಮೇಡಂಗೆ ಆರಾಧ್ಯದೈವ. ಎಂಬತ್ತರ ಸುಮಾರಿಗೆ ಮಂಡಿಗೆಂದೇ ಈಜು ಶುರುಮಾಡಿ, 2015ರಲ್ಲಿ ನೂರನೆಯ ವಯಸ್ಸಿನಲ್ಲಿ 1,500 ಮೀಟರನ್ನು ಒಂದು ಗಂಟೆ ಹದಿನೈದು ನಿಮಿಷ ಐವತ್ನಾಲ್ಕು ಸೆಕೆಂಡಿನಲ್ಲಿ ಮುಗಿಸಿದ ಅಜ್ಜಿ. ಮೇಡಂ ಆ ಅಂಕಿಯನ್ನು ಖಾತೆ ನಂಬರಿನ ಹಾಗೆ ಬಾಯಿಪಾಠ ಹೇಳುತ್ತಾರೆ.

"ನೋಡಿ," ಎಂದು ನನ್ನ ಕಡೆ ಬಾಗಿ ದನಿ ತಗ್ಗಿಸುತ್ತಾರೆ. "ನೀವು ಪ್ರತಿಸಲ ಮೊದಲ ಐವತ್ತರಲ್ಲಿ ಸಾಲ ಮಾಡ್ತೀರಿ, ಎರಡನೇ ಐವತ್ತರಲ್ಲಿ ಬಡ್ಡಿ ಕಟ್ತೀರಿ. ಬ್ಯಾಂಕಿನವಳು ಹೇಳ್ತಿದೀನಿ, ಕೇಳಿ."

ಹೋದ ವರ್ಷದ ನನ್ನ ಖಾತೆ ಅವರಿಗೆ ಗೊತ್ತು. ಮೊದಲ ಐವತ್ತು ಮೀಟರ್ 40.35 ಸೆಕೆಂಡು. ಎರಡನೆಯದು 52.92. ಹೋಗುವಾಗ ಮದುವೆ ಮೆರವಣಿಗೆ, ಬರುವಾಗ ಕಾಲಲ್ಲಿ ಕಬ್ಬಿಣ.

ಆದರೆ ನನ್ನ ರೋಗದ ಮೂಲ ಸಾಲದ್ದಲ್ಲ, ಬಾವಿಯದ್ದು. ನಾನು ಈಜು ಕಲಿತದ್ದು ಕೊಳದಲ್ಲಲ್ಲ, ಮಾಗಡಿ ಕಡೆಯ ಅಜ್ಜಿಯ ಊರಿನ ತೋಟದ ಬಾವಿಯಲ್ಲಿ, ಬೇಸಿಗೆ ರಜೆಯಲ್ಲಿ. ಸೋದರಮಾವ ಸೊಂಟಕ್ಕೆ ಒಣಸೋರೆಯ ಬುರುಡೆ ಕಟ್ಟಿ, ಹಗ್ಗದ ತುದಿ ತಾನು ಹಿಡಿದು, ಮೆಟ್ಟಿಲ ಮೇಲಿಂದ ನೂಕಿಬಿಟ್ಟ. ಮೂರನೆಯ ದಿನ ಬುರುಡೆ ಬಿಚ್ಚಿದ. ನಾಲ್ಕನೆಯ ದಿನ ಹಗ್ಗ ಹಿಡಿದಿದ್ದೇನೆ ಎನ್ನುತ್ತಲೇ ಕೈಬಿಟ್ಟು ಬೀಡಿ ಹಚ್ಚಿದ್ದ. ಹಸಿರು ನೀರು, ಕೆಳಗೆ ಏನಿದೆಯೋ ಕಾಣದು, ಕಲ್ಲಿನ ಸಂದಿಯಲ್ಲಿ ಕೇರೆಹಾವು. ಅಲ್ಲಿ ತಲೆ ಮುಳುಗಿಸುವ ಧೈರ್ಯ ಯಾರಿಗಿತ್ತು? ಮೂಗು ಆಕಾಶಕ್ಕೆ, ಕೈಕಾಲು ಪಾತಾಳಕ್ಕೆ. ಆ ಬಾವಿಯಲ್ಲಿ ತಲೆ ಮೇಲಿದ್ದರೆ ಬದುಕಿದ್ದೇನೆ ಎಂದರ್ಥ. ನಲವತ್ತು ವರ್ಷ ಹಾಗೇ ಈಜಿದೆ, ಚೆನ್ನಾಗಿಯೇ ಈಜುತ್ತೇನೆ ಎಂದುಕೊಂಡಿದ್ದೆ.

ನನ್ನ ಕೋಚಿಗೆ ಇಪ್ಪತ್ತೇಳು. ನನ್ನ ಮಗನಿಗಿಂತ ಎರಡು ವರ್ಷ ದೊಡ್ಡವನು. ಮೊದಲ ದಿನ ನಾನು ಒಂದು ಸುತ್ತು ಈಜಿ ಬಂದಾಗ ತುಂಬ ಹೊತ್ತು ಸುಮ್ಮನಿದ್ದು, "ಸರ್, ನೀವು ನೀರಿನ ಜೊತೆ ಜಗಳ ಆಡ್ತಿದೀರ," ಎಂದ. ಆಮೇಲೆ, "ತಲೆ ತಗ್ಗಿಸಿ ಸರ್." ಆಮೇಲೆ ಒಂದು ವರ್ಷ ಅದನ್ನೇ ಹೇಳಿದ. ತಲೆ ಎತ್ತಿ ನಡೆಯುವ ಹಾಗೆ ಬದುಕು ಎಂದು ಅಪ್ಪ ಹೇಳಿಕೊಟ್ಟಿದ್ದರು. ತಲೆ ತಗ್ಗಿಸುವುದನ್ನು ಈ ಹುಡುಗ ದಿನಾ ಬೆಳಿಗ್ಗೆ ಐದೂವರೆಗೆ, ಎಲ್ಲರೆದುರು, ಗಟ್ಟಿಯಾಗಿ ಕಲಿಸಿದ.

ಅದರ ಹಿಂದಿನ ಲೆಕ್ಕ ಸರಳ. ಮೈ ನೀರಿನಲ್ಲಿ ತಕ್ಕಡಿಯ ಹಾಗೆ. ತಲೆ ಮೇಲೆದ್ದರೆ ಸೊಂಟ, ಕಾಲು ಕೆಳಗಿಳಿಯುತ್ತವೆ. ಆಗ ನೀವು ನೀರನ್ನು ಸೀಳುತ್ತಿಲ್ಲ, ಬಾಗಿಲಿನ ಹಾಗೆ ನಿಂತು ತಳ್ಳುತ್ತಿದ್ದೀರಿ. ನೀರು ಗಾಳಿಗಿಂತ ಸುಮಾರು 800 ಪಟ್ಟು ದಟ್ಟ. ವೇಗ ಎರಡು ಪಟ್ಟಾದರೆ ಅದರ ತಡೆ ನಾಲ್ಕು ಪಟ್ಟಾಗುತ್ತದೆ, ಅದನ್ನು ಮೀರಲು ಬೇಕಾದ ಶಕ್ತಿ ಎಂಟು ಪಟ್ಟು. ಐವತ್ತನಾಲ್ಕರ ತೋಳಿಗೆ ಎಂಟು ಪಟ್ಟು ಎಲ್ಲಿಂದ ತರುವುದು? ತೋಳು ಬೆಳೆಸುವುದಕ್ಕಿಂತ ತಡೆ ಕಳೆಯುವುದು ಸುಲಭ, ಅಗ್ಗ. ಮುಖ ಕೆಳಗೆ, ಕಣ್ಣು ತಳದ ಕಪ್ಪು ಗೆರೆಯ ಮೇಲೆ, ಕತ್ತು ಸಡಿಲ. ಉಸಿರಿಗೆ ತಲೆ ಎತ್ತುವುದಲ್ಲ, ದಿಂಬಿನ ಮೇಲೆ ಮಗ್ಗುಲು ಹೊರಳಿದ ಹಾಗೆ ಬಾಯಿ ಒಂದಿಷ್ಟು ಹೊರಗೆ.

ಹೇಳಿದಷ್ಟು ಸುಲಭವಲ್ಲ. ಮೊದಲ ಎರಡು ತಿಂಗಳು ನಾನು ಇನ್ನೂ ನಿಧಾನವಾದೆ. ಮೂಗಿನಲ್ಲಿ ನೀರು, ಕಿವಿಯಲ್ಲಿ ನೀರು, ಆಫೀಸಿನಲ್ಲಿ ತಲೆ ಬಗ್ಗಿಸಿದರೆ ಫೈಲಿನ ಮೇಲೆ ನೀರು. ಪಕ್ಕದ ಲೇನಿನ ಮಕ್ಕಳು, "ಸೈಡ್ ಕೊಡಿ ಅಂಕಲ್," ಎಂದು ದಾಟಿಕೊಂಡು ಹೋಗುವಾಗ ಎದ್ದ ಅಲೆಯನ್ನು ನುಂಗಿದ್ದೇನೆ. ಗೋಡೆಯ ಮೇಲೊಂದು ದೊಡ್ಡ ಗಡಿಯಾರ, ಅದಕ್ಕೆ ಸೆಕೆಂಡಿನ ಕೆಂಪು ಮುಳ್ಳು ಮಾತ್ರ ಮುಖ್ಯ. ಎಂಟು ಸಲ ನೂರು ಮೀಟರ್, ಎರಡೂಕಾಲು ನಿಮಿಷಕ್ಕೊಂದು. ಬೇಗ ಮುಗಿಸಿದರೆ ಉಳಿದ ಸೆಕೆಂಡು ವಿಶ್ರಾಂತಿ, ತಡವಾದರೆ ವಿಶ್ರಾಂತಿಯೂ ಇಲ್ಲ. ಬಡವನಿಗೆ ಬಡ್ಡಿ ಹೆಚ್ಚು ಎನ್ನುವ ಹಾಗೆ. ಐವತ್ತು ಮೀಟರಿಗೆ 58 ಸಲ ಕೈ ಬೀಸುತ್ತಿದ್ದವನು ಯುಗಾದಿಯ ಹೊತ್ತಿಗೆ 52ಕ್ಕೆ ಇಳಿದೆ, ಗೌರಿ ಹಬ್ಬಕ್ಕೆ 47. ಕೈ ಕಡಿಮೆ, ದೂರ ಅಷ್ಟೇ.

ಉದ್ದನೆಯ ಸೀಟಿ ಕೇಳಿ ಬೆಚ್ಚುತ್ತೇನೆ. ನಮಗಿಂತ ಮೊದಲಿನ ಹೀಟ್ ನೀರಿಗೆ ಬಿತ್ತು. "ಹೀಟ್ ಆರು, ಬನ್ನಿ ಬನ್ನಿ," ಎಂದು ಹುಡುಗಿ ಕೈಯಾಡಿಸುತ್ತಾಳೆ. ಆರು ಜನ ಎದ್ದೆವು. ಹೊಟ್ಟೆಗಳು ತಮ್ಮ ಜಾಗಕ್ಕೆ ಮರಳಿವೆ, ಈಗ ಯಾರಿಗೂ ಗಮನವಿಲ್ಲ.

ನನ್ನದು ಎರಡನೇ ಲೇನ್. ಎಂಟು ಲೇನಿನ ಕೊಳದಲ್ಲಿ ಎಲ್ಲರಿಗಿಂತ ಚುರುಕಿನವರಿಗೆ ನಾಲ್ಕನೆಯದು, ಆಮೇಲೆ ಐದು, ಮೂರು, ಹೀಗೆ ಇಬ್ಬದಿಗೂ ಹಂಚುತ್ತಾ ಹೋಗುತ್ತಾರೆ. ಮದುವೆ ಪಂಕ್ತಿಯ ಹಾಗೆ, ಎಲೆ ಎಲ್ಲಿ ಹಾಕಿದ್ದಾರೆಂದು ನೋಡಿದರೆ ಯೋಗ್ಯತೆ ಗೊತ್ತಾಗುತ್ತದೆ. ಲೇನಿನ ತುದಿಯಲ್ಲಿ ಸ್ಟಾಪ್‌ವಾಚ್ ಹಿಡಿದ ಮೂವರು ಕೂತಿದ್ದಾರೆ. ಮೂವರ ಹೆಬ್ಬೆರಳನ್ನೂ ನಾನು ದೇವರ ಪಾದ ನೋಡಿದ ಹಾಗೆ ನೋಡುತ್ತೇನೆ.

ಗಾಗಲ್ಸಿನ ಪಟ್ಟಿ ಮೊದಲು, ಅದರ ಮೇಲೆ ಟೋಪಿ. ಹೋದ ವರ್ಷ ಟೋಪಿಯ ಮೇಲೆ ಪಟ್ಟಿ ಹಾಕಿ ಹಾರಿದ್ದೆ. ನೀರಿಗೆ ಬಿದ್ದ ಏಟಿಗೆ ಗಾಗಲ್ಸ್ ಜಾರಿ ಬಾಯಿಗೆ ಬಂದು, ಕಡಿವಾಣ ಹಾಕಿದ ಜಟಕಾ ಕುದುರೆಯ ಹಾಗೆ ನೂರು ಮೀಟರ್ ಈಜಿದೆ. ಎರಡು ಸಲ ಲೇನಿನ ಹಗ್ಗಕ್ಕೆ ಕೈ ಬಡಿದು ಬೆರಳು ತರಚಿತ್ತು. ತಪ್ಪು ನನ್ನದೇ.

ಸಣ್ಣ ಸಣ್ಣ ಸೀಟಿಗಳು. ಸಿದ್ಧರಾಗಿ ಎಂದರ್ಥ. ಮತ್ತೆ ಒಂದು ಉದ್ದನೆಯದು. ಕಟ್ಟೆ ಹತ್ತಬೇಕು. ಮಾಸ್ಟರ್ಸ್ ನಿಯಮದಲ್ಲಿ ಕಟ್ಟೆ ಹತ್ತಲೇಬೇಕೆಂದಿಲ್ಲ, ನೀರಿನಲ್ಲೇ ಒಂದು ಕೈ ಗೋಡೆಗೆ ಇಟ್ಟು ಹೊರಡಬಹುದು. ಬೈಪಾಸ್ ಆದವರು ಹಾಗೆ ಇಳಿದು ನಿಂತಿದ್ದಾರೆ. ನಾನು ಹತ್ತುತ್ತೇನೆ. ಮೇಲಿಂದ ನೋಡಿದರೆ ಆ ತುದಿ ಜಯನಗರದಲ್ಲಿದ್ದಂತೆ ಕಾಣುತ್ತದೆ.

"ಟೇಕ್ ಯುವರ್ ಮಾರ್ಕ್ಸ್."

ಬಾಗಿ ಕಟ್ಟೆಯ ಅಂಚು ಹಿಡಿಯುತ್ತೇನೆ. ಕಿವಿಯಲ್ಲಿ ನನ್ನದೇ ಎದೆಬಡಿತ. ಅಲುಗಿದರೆ ಔಟ್. ಮಾವ ಹಿಂದಿನಿಂದ ನೂಕಿಯಾನೇ ಎಂದು ಒಂದು ಕ್ಷಣ

ಪೀಂ.

ನೀರು. ಗಾಗಲ್ಸ್ ಇದೆ. ಕಪ್ಪು ಗೆರೆ ಇದೆ. ಕೈ ಮೇಲೆ ಕೈ, ತೋಳಿನ ನಡುವೆ ತಲೆ, ಜಾರು, ಜಾರು, ಈಗಲೇ ಕೈ ಎಳೆಯಬೇಡ. ಹೊರಗಿನ ಗದ್ದಲ ಒಮ್ಮೆಗೇ ನಿಂತುಹೋಗಿದೆ, ಯಾರೋ ಬಾಗಿಲು ಹಾಕಿದ ಹಾಗೆ. ಮೇಲೆ ಬರುತ್ತೇನೆ. ಮೊದಲ ನಾಲ್ಕು ಕೈ ಉಸಿರು ತೆಗೆಯುವುದಿಲ್ಲ. ಐದನೆಯದಕ್ಕೆ ಎಡಕ್ಕೆ ಹೊರಳುತ್ತೇನೆ. ಮೂರನೇ ಲೇನಿನವರ ಕಾಲು ಆಗಲೇ ನನ್ನ ಮುಖದ ಹತ್ತಿರ ನೊರೆ ಎಬ್ಬಿಸುತ್ತಿದೆ. ಹೋಗಲಿ. ಹೋಗಲಿ ಎನ್ನುವುದೇ ಕಷ್ಟ. ಮೈಯಲ್ಲಿ ಎಲ್ಲ ಹೊಸದಾಗಿದೆ, ತೋಳಿನಲ್ಲಿ ಜೋರಿದೆ, ಅವರ ಬೆನ್ನು ಹತ್ತಬಹುದು. ಸಾಲ ಕೊಡಲು ಬ್ಯಾಂಕು ಬಾಗಿಲು ತೆರೆದು ಕೂತಿದೆ. ಬೇಡ. ಎಣಿಸು. ಹದಿನೇಳು, ಹದಿನೆಂಟು. ಕೈ ಮುಂದೆ ಚಾಚು, ಮೊಣಕೈ ಮೇಲಿರಲಿ, ನೀರನ್ನು ಹಿಡಿ, ಹಿಂದಕ್ಕೆ ದಾಟಿಸು. ಇಪ್ಪತ್ತೊಂಬತ್ತು. ನಾಲ್ಕನೇ ಲೇನ್ ಕಾಣುವುದೇ ಇಲ್ಲ. ಮೂವತ್ತೆಂಟು. ತಳದ ಗೆರೆ ಇಂಗ್ಲಿಷಿನ 'ಟಿ' ಅಕ್ಷರವಾಗಿ ಮುಗಿಯುತ್ತದೆ, ಗೋಡೆ ಬಂತು. ಗಲ್ಲ ಎದೆಗೆ, ಮೊಣಕಾಲು ಹೊಟ್ಟೆಗೆ, ಲಾಗ. ತಲೆಕೆಳಗಾದ ಲೋಕದಲ್ಲಿ ಪಾದಗಳು ಗೋಡೆಯನ್ನು ಹುಡುಕುತ್ತವೆ. ಸಿಕ್ಕಿತು. ಒದೆ.

ಮೂಗಿಗೆ ಸ್ವಲ್ಪ ನೀರು ಹೋಯಿತು. ಪರವಾಗಿಲ್ಲ.

ಅರವತ್ತು ಮೀಟರ್. ಹೋದ ವರ್ಷ ಇಲ್ಲಿಗೇ ಕಬ್ಬಿಣ ಬಂದಿತ್ತು. ಬಂದಿಲ್ಲ. ಮೂರನೇ ಲೇನಿನವರ ಕಾಲು ಈಗ ನನ್ನ ಭುಜದ ಪಕ್ಕದಲ್ಲಿದೆ, ಆಮೇಲೆ ಅವರ ಸೊಂಟ. ನಾನು ಚುರುಕಾಗಿಲ್ಲ, ಅವರು ಬಡ್ಡಿ ಕಟ್ಟುತ್ತಿದ್ದಾರೆ. ಎಪ್ಪತ್ತು. ಈಗ ತೋಳಿನ ಹಿಂಭಾಗ ಸುಡುತ್ತದೆ, ಒನಕೆ ಕುಟ್ಟಿದ ಮಾರನೆಯ ದಿನದ ಹಾಗೆ. ಮೂರು ಕೈಗೊಂದು ಉಸಿರು ಸಾಲದು, ಎರಡಕ್ಕೊಂದು. ಎಂಬತ್ತು. ಕಾಲು ಕೆಳಗೆ ಜಗ್ಗುತ್ತದೆ. ಎದೆಯಲ್ಲಿ ಗಾಳಿಯಿಲ್ಲ, ಬಾಯಿಗೆ ಅಲೆ, ಕೆಮ್ಮು ಬಂದು ಕೆಮ್ಮಲಾಗದು. ತಲೆ ತಗ್ಗಿಸು. ಕಪ್ಪು ಗೆರೆ. ತಲೆ ತಗ್ಗಿಸು. ಮೇಲೆ ಬಣ್ಣದ ಪತಾಕೆಗಳ ಸಾಲಿನ ನೆರಳು ನೀರಿನಲ್ಲಿ ಒಡೆದು ತೂಗಿತು. ಇನ್ನು ಐದೇ ಮೀಟರ್.

ಗೋಡೆ.

ಹಗ್ಗ ಹಿಡಿದು ನೇತಾಡುತ್ತೇನೆ. ಸದ್ದು ಮತ್ತೆ ಬಂದಿದೆ. ಜನಿವಾರದವರು ಪಕ್ಕದ ಲೇನಿನಿಂದ ಕೈ ಚಾಚುತ್ತಾರೆ, ಕುಲುಕುತ್ತೇನೆ, ಇಬ್ಬರಿಗೂ ಮಾತು ಹೊರಡದು. ಬೈಪಾಸ್ ಆದವರು ಇನ್ನೂ ಬರುತ್ತಿದ್ದಾರೆ, ಇಡೀ ಕೊಳ ಅವರಿಗೆ ಚಪ್ಪಾಳೆ ತಟ್ಟುತ್ತಿದೆ. ಅವರು ಕೊನೆಯ ಹತ್ತು ಮೀಟರನ್ನು ತೇರು ಎಳೆದ ಗಾಂಭೀರ್ಯದಿಂದ ಮುಗಿಸುತ್ತಾರೆ.

ನಾನು ಮೇಲಕ್ಕೆ ನೋಡುತ್ತೇನೆ. ಮೂರು ಗಡಿಯಾರ.

"ಒಂದು ಮೂವತ್ತು ಪಾಯಿಂಟ್ ಒಂದು ಒಂದು," ಎಂದರು ಒಬ್ಬರು.

"ನಂದು ಇಪ್ಪತ್ತೊಂಬತ್ತು ಪಾಯಿಂಟ್ ತೊಂಬತ್ತೇಳು," ಎಂದಳು ಪಕ್ಕದ ಹುಡುಗಿ. ಆ ಕ್ಷಣ ಅವಳಿಗೆ ನನ್ನ ಆಸ್ತಿ ಬರೆದುಕೊಡಬಹುದಿತ್ತು.

ಮೂರನೆಯವರು ಕನ್ನಡಕ ಸರಿಮಾಡಿಕೊಂಡರು. "ಮೂವತ್ತು ಪಾಯಿಂಟ್ ಸೊನ್ನೆ ನಾಲ್ಕು."

ಮೂರು ಗಡಿಯಾರ ಮೂರು ಹೇಳಿದರೆ ನಡುವಿನದೇ ನಿಜ. ಅದು ನಿಯಮ. 1:30.04.

ಕೋಚ್ ಕೊಳದಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಕೈ ನೀಡಿ ಎಳೆದುಕೊಳ್ಳುತ್ತಾನೆ. ಅವನ ಗಡಿಯಾರದಲ್ಲಿ ಮೊದಲ ಐವತ್ತು 43.1, ಎರಡನೆಯದು 46.9. ಹೋಗುವಾಗ ಹೋದ ವರ್ಷಕ್ಕಿಂತ ಎರಡೂಮುಕ್ಕಾಲು ಸೆಕೆಂಡು ನಿಧಾನ, ಬರುವಾಗ ಆರು ಸೆಕೆಂಡು ಬೇಗ. ಒಟ್ಟು ಮೂರು ಸೆಕೆಂಡಿಗೂ ಹೆಚ್ಚು ಉಳಿತಾಯ. ನಿಧಾನವೇ ಪ್ರಧಾನ ಎಂದು ಲಾರಿಯ ಹಿಂದೆ ಬರೆದದ್ದನ್ನು ಓದಿ ಎಷ್ಟು ಸಲ ಹಾರನ್ ಹೊಡೆದಿದ್ದೇನೆ.

"ಸೂಪರ್ ಸರ್," ಎನ್ನುತ್ತಾನೆ. ನಾನು ಕಾಯುತ್ತೇನೆ. ಅವನಿಗೆ ಹೇಳಲು ಇನ್ನೊಂದಿದೆ ಎಂದು ಮುಖವೇ ಹೇಳುತ್ತಿದೆ. ಕೊನೆಗೆ ಹೇಳಿಯೇಬಿಟ್ಟ. "ಫ್ಲ್ಯಾಗ್ಸ್ ಆದ್ಮೇಲೆ ತಲೆ ಎತ್ತಿದ್ರಿ."

ಎತ್ತಿದ್ದೆ. ಗೋಡೆ ಎಲ್ಲಿದೆ ಎಂದು ನೋಡಲು. ತೊಂಬತ್ತೈದು ಮೀಟರ್ ನಂಬಿದ ನೀರನ್ನು ಕೊನೆಯ ಐದರಲ್ಲಿ ನಂಬಲಿಲ್ಲ. ತಲೆ ಎದ್ದಿತು, ಸೊಂಟ ಇಳಿಯಿತು, ಚಾಚಿದ ಕೈ ಗೋಡೆಗೆ ಒಂದಿಷ್ಟು ಸಾಲದೆ, ಮತ್ತೊಂದು ಅರ್ಧ ಕೈ ಹಾಕಬೇಕಾಯಿತು. ಒದ್ದೆ ಬೆರಳಿನಲ್ಲೇ ಮೊಬೈಲ್ ತೆಗೆದು ಲೆಕ್ಕ ಹಾಕಿದೆ. ನನ್ನ ವೇಗಕ್ಕೆ ಸೆಕೆಂಡಿನ ನೂರರಲ್ಲಿ ನಾಲ್ಕು ಭಾಗ ಎಂದರೆ ನಾಲ್ಕು ಸೆಂಟಿಮೀಟರ್ ಮತ್ತು ಚಿಲ್ಲರೆ. ಎರಡೂವರೆ ಬೆರಳ ಅಗಲ.

ಇದೇ ಊರಿನ ಶ್ರೀಹರಿ ನಟರಾಜ್ 2021ರ ಜೂನ್‌ನಲ್ಲಿ ರೋಮ್‌ನಲ್ಲಿ 100 ಮೀಟರ್ ಬ್ಯಾಕ್‌ಸ್ಟ್ರೋಕನ್ನು 53.90 ಸೆಕೆಂಡಿನಲ್ಲಿ ಈಜಿದ್ದರು. ಟೋಕಿಯೊ ಒಲಿಂಪಿಕ್ಸ್‌ನ 'ಎ' ಅರ್ಹತೆಗೆ ಬೇಕಿದ್ದದ್ದು 53.85. ಸೆಕೆಂಡಿನ ನೂರರಲ್ಲಿ ಐದು ಭಾಗ ಕಡಿಮೆ ಬಿದ್ದಿತ್ತು. ಆಮೇಲೆ ಟೈಮ್ ಟ್ರಯಲ್‌ನಲ್ಲಿ ಮತ್ತೆ ಇಳಿದು 53.77 ಮಾಡಿ ಟೋಕಿಯೊಗೆ ಹೋದರು. "ನಂಗೂ ನಾಳೆ ಒಂದು ಟ್ರಯಲ್ ಕೊಡಿಸಪ್ಪ," ಎಂದೆ. ಹುಡುಗ ನಕ್ಕ, ಗಡಿಯಾರ ಸೊನ್ನೆಗೆ ತಂದ, ಏಳನೇ ಹೀಟಿನ ಕಡೆ ನಡೆದ.

ಹನ್ನೊಂದೂವರೆಗೆ ವಿದ್ಯಾರ್ಥಿ ಭವನದ ಹೊರಗೆ ಹೆಸರು ಬರೆಸಿ ನಿಂತಿದ್ದೇವೆ. ಗಾಂಧಿಬಜಾರಿನಲ್ಲಿ ಹೂವಿನವರು ಸೇವಂತಿಗೆ ಮಾರು ಹಾಕುತ್ತಿದ್ದಾರೆ. ಒಳಗಿಂದ ಮಾಣಿ ತೋಳಿನ ಮೇಲೆ ದೋಸೆ ತಟ್ಟೆಗಳನ್ನು ಗೋಪುರದಂತೆ ಪೇರಿಸಿಕೊಂಡು ಹೋಗುವುದು ಕಾಣುತ್ತದೆ. ಆ ಮನುಷ್ಯನ ತೋಳು ನನಗಿದ್ದಿದ್ದರೆ ಎಂದು ಒಂದು ಆಸೆ ಹಾದುಹೋಯಿತು. ಸಿಟಿಆರ್ ಬಿಟ್ಟು ಬೇರೆ ಕಡೆಯ ದೋಸೆಯನ್ನು ಮಲ್ಲೇಶ್ವರದವರು ಒಪ್ಪುವುದಿಲ್ಲ, ಆದರೆ ಮೇಡಂ ಹಸಿದಿದ್ದಾರೆ. ಅವರ ಕೈಚೀಲದಲ್ಲಿ ಚಿನ್ನದ ಪದಕ, ನನ್ನ ಜೇಬಿನಲ್ಲಿ ಫಲಿತಾಂಶದ ಹಾಳೆಯ ಫೋಟೊ: ನಾಲ್ಕನೇ ಸ್ಥಾನ. ಮೂರನೇ ಲೇನಿನವರನ್ನು ಕೊನೆಯ ಇಪ್ಪತ್ತು ಮೀಟರಿನಲ್ಲಿ ನಾನು ದಾಟಿದ್ದೆನಂತೆ, ಹಾಳೆ ನೋಡುವವರೆಗೆ ನನಗೆ ಗೊತ್ತಿರಲಿಲ್ಲ.

"ಎಷ್ಟು ಕಮ್ಮಿ ಬಿತ್ತು?" ಎಂದರು ಮೇಡಂ.

ಎರಡೂವರೆ ಬೆರಳು ತೋರಿಸಿದೆ.

"ನನಗೆ ಎರಡು ಸೆಕೆಂಡು," ಎಂದರು. "ನೀವು ನಾಳೆ ಎಷ್ಟು ಹೊತ್ತಿಗೆ ಇಳೀತೀರಿ?"

ನಾಳೆ ಸೋಮವಾರ, ನಮ್ಮ ಕೊಳಕ್ಕೆ ವಾರದ ರಜೆ. ಮಂಗಳವಾರ, ಐದೂವರೆಗೆ.